ಜಾರದ ಜಾರುಬಂಡೆ

ನಮ್ಮ ಶಾಲೆಯ ಅಂಗಳದಲ್ಲಿ ಜಾರುಬಂಡೆ ಎದ್ದು ನಿಂತ ಮೇಲೂ ಬಹಳ ದಿನ ಅದರ ಮೇಲೆ ಯಾರೂ ಜಾರಲಿಲ್ಲ. ಜಾರುವುದಕ್ಕೆ ಆಗುತ್ತಲೇ ಇರಲಿಲ್ಲ. ಮಕ್ಕಳು ಮೆಟ್ಟಿಲು ಹತ್ತಿ ಮೇಲೆ ಕೂತು, ಎರಡೂ ಕೈಯಿಂದ ಪಕ್ಕದ ಕಟ್ಟೆಯನ್ನು ಹಿಂದಕ್ಕೆ ತಳ್ಳಿ ತಳ್ಳಿ, ಕೆಸರಲ್ಲಿ ಹೂತುಕೊಂಡ ಗಾಡಿಯ ಹಾಗೆ ಇಷ್ಟಿಷ್ಟೇ ಕೆಳಗೆ ಬರುತ್ತಿದ್ದರು. ಅರ್ಧ ದಾರಿಗೆ ಬೇಜಾರಾಗಿ ಎದ್ದು ನಡೆದುಕೊಂಡೇ ಇಳಿದುಬಿಡುತ್ತಿದ್ದರು. ಆಮೇಲಾಮೇಲೆ ಅದನ್ನು ಓಡಿಕೊಂಡು ಹತ್ತುವ ಆಟ ಶುರುವಾಯಿತು. ಹತ್ತುವುದಕ್ಕೆ ಅದರಷ್ಟು ಚೆನ್ನಾದ ಜಾಗ ಊರಲ್ಲೇ ಇರಲಿಲ್ಲ. ಕಾಲು ಒಂದು ಚೂರೂ ಜಾರುತ್ತಿರಲಿಲ್ಲ.

ಹನೂರಿನಿಂದ ರಾಮಾಪುರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಜೋಳದ ಹೊಲಗಳ ನಡುವೆ ಒಂದಿಷ್ಟು ನಡೆದರೆ ನಮ್ಮ ಶಾಲೆ. ಒಂದರಿಂದ ಐದನೇ ತರಗತಿಯವರೆಗೆ ಇದೆ. ಕಲಿಸುವವರು ಇಬ್ಬರೇ, ಹೆಡ್‌ಮಾಸ್ಟರು ಮತ್ತು ನಾನು. ನಾನು ಹುಟ್ಟಿ ಬೆಳೆದಿದ್ದು ಯಳಂದೂರಿನಲ್ಲಿ, ಸಂಸಾರ ಕೊಳ್ಳೇಗಾಲದಲ್ಲಿ. ಬೆಳಗ್ಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ಹೊರಟು ಹನೂರಿನಲ್ಲಿ ಬಸ್ಸು ಬದಲಿಸಿ ಶಾಲೆ ಸೇರುವ ಹೊತ್ತಿಗೆ ಮಕ್ಕಳು ಅಂಗಳ ಗುಡಿಸಿ, ಬೋರ್ಡಿನ ಮೇಲೆ ದಿನಾಂಕ ಬರೆದು ಕಾಯುತ್ತಿರುತ್ತಾರೆ.

ಜಾರುಬಂಡೆಯ ಆಸೆ ಹುಟ್ಟಿಸಿದ್ದು ಹನೂರು. ಆಟೋಟದ ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಶಾಲೆಯೊಂದರಲ್ಲಿ ತಗಡಿನ ಜಾರುಬಂಡೆ ಇತ್ತು. ನಮ್ಮ ಮಕ್ಕಳು ಓಟದಲ್ಲಿ ಬಂದ ಬಹುಮಾನವನ್ನೂ ಮರೆತು ಅದರ ಸುತ್ತಲೇ ಸಾಯಂಕಾಲ ಮಾಡಿದರು. ವಾಪಸು ಬಂದ ಮೇಲೂ ಅದೇ ಮಾತು. ಮನೆಯಲ್ಲಿ ತಮಿಳು ಆಡುವ ಮಕ್ಕಳು ‘ಸರುಕ್ಕು’ ಅನ್ನುತ್ತಿದ್ದರು, ಉಳಿದವರು ‘ಜಾರ್‌ಬಂಡೆ’ ಅನ್ನುತ್ತಿದ್ದರು. ಒಟ್ಟಿನಲ್ಲಿ ಎಲ್ಲರಿಗೂ ಅದು ಬೇಕಿತ್ತು. ಆ ಬೇಸಿಗೆಗೆ ಶಾಲೆಯ ಕಾಂಪೌಂಡು ದುರಸ್ತಿಯಾಗಿ ಒಂದಿಷ್ಟು ಮರಳು, ಜಲ್ಲಿ, ಸಿಮೆಂಟು ಉಳಿಯಿತು. ಮಳೆ ಬಿದ್ದು ಸಿಮೆಂಟು ಕಲ್ಲಾಗುವ ಮೊದಲು ಮಕ್ಕಳಿಗೆ ಏನಾದರೂ ಮಾಡಿಸೋಣ ಎಂದು ಹೆಡ್‌ಮಾಸ್ಟರು ಕಾಂಪೌಂಡು ಕಟ್ಟಿದ ಮೇಸ್ತ್ರಿಯನ್ನೇ ಕೇಳಿದರು.

ಮೇಸ್ತ್ರಿ ಆ ಊರಿನವರೇ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ತಲೆಗೆ ಸದಾ ಒಂದು ಟವೆಲು. ಊರಿನ ಅರ್ಧದಷ್ಟು ಮನೆಗಳ ಗೋಡೆ ಅವರ ಕೈಯಲ್ಲಿ ಎದ್ದಿದ್ದು. ಜಾರುಬಂಡೆ ಕಟ್ಟಿ ಗೊತ್ತಿಲ್ಲ, ನೋಡಿದೀನಿ ಅಷ್ಟೆ ಅಂದರಂತೆ. ಆದರೂ ಬೇಸಿಗೆ ರಜೆಯಲ್ಲಿ ದಿನಾ ಬಂದು, ಬೇವಿನ ಮರದ ಪಕ್ಕ ಅದನ್ನು ಕಟ್ಟಿ ಮುಗಿಸಿದ್ದರು. ಜೂನ್‌ನಲ್ಲಿ ಶಾಲೆ ತೆರೆದಾಗ ನೋಡಿ ನನಗೆ ಖುಷಿಯಾಯಿತು. ಮೆಟ್ಟಿಲುಗಳು ಪುಟ್ಟ ಕಾಲಿಗೆ ಸರಿಯಾಗಿ ತಗ್ಗಾಗಿದ್ದವು. ಎರಡೂ ಕಡೆ ಹಿಡಿದುಕೊಳ್ಳಲು ದುಂಡನೆಯ ಕಟ್ಟೆ. ಎಲ್ಲೂ ಒಂದು ಮೂಲೆ ಚೂಪಾಗಿಲ್ಲ. ಇಳಿಜಾರಿನ ಮೇಲೆ ಮಾತ್ರ ಉದ್ದಕ್ಕೂ ಅಡ್ಡಡ್ಡ ಗೆರೆಗಳಿದ್ದವು, ಹಸಿ ಗಾರೆಯ ಮೇಲೆ ಕಡ್ಡಿ ಪೊರಕೆ ಎಳೆದ ಹಾಗೆ. ಅದೊಂದು ಅಲಂಕಾರ ಅಂದುಕೊಂಡೆ.

ಒಂದನೇ ತರಗತಿಯ ಮಗುವಿನಿಂದ ಉದ್ಘಾಟನೆ ಮಾಡಿಸಿದೆವು. ಮಗು ಮೇಲೆ ಕೂತಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಗು ಕೂತೇ ಇತ್ತು. ಚಪ್ಪಾಳೆ ನಿಂತಿತು. ಆಮೇಲೆ ಮಗು ನನ್ನ ಕಡೆ ನೋಡಿ, “ಮಿಸ್, ಓಯ್ತಾ ಇಲ್ಲ” ಅಂದಿತು.

ಬಿಸಿಯೂಟದ ಅಕ್ಕ ಬೇಗ ಅದಕ್ಕೊಂದು ಕೆಲಸ ಕಂಡುಕೊಂಡಳು. ಒಗ್ಗರಣೆಗೆ ತಂದ ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲವನ್ನೂ ಅದರ ಮೇಲೆ ಹರಡತೊಡಗಿದಳು. “ಎಷ್ಟು ಚೆಂದಾಗಿ ಒಣಗ್ತದೆ ಮಿಸ್, ಒಂದ್ ಕಾಯೂ ಕೆಳೀಕ್ ಜಾರಲ್ಲ” ಎಂದು ಮೆಚ್ಚಿಕೊಂಡಳು. ಹೆಡ್‌ಮಾಸ್ಟರಿಗೆ ಮುಜುಗರ. ಮೇಸ್ತ್ರಿ ಕೂಲಿ ತೆಗೆದುಕೊಳ್ಳದೆ ಮಾಡಿಕೊಟ್ಟ ಕೆಲಸ, ಸರಿಯಿಲ್ಲ ಅಂತ ಹೇಗೆ ಹೇಳುವುದು? ಹಾಗೇ ದಿನ ತಳ್ಳಿದರು.

ಆ ವರ್ಷ ನಾಲ್ಕು ಮತ್ತು ಐದನೇ ತರಗತಿಗಳನ್ನು ಒಟ್ಟಿಗೆ ಕೂರಿಸಿ ಪರಿಸರ ಅಧ್ಯಯನ ಹೇಳಿಕೊಡುತ್ತಿದ್ದೆ. ಮಳೆಗಾಲದಲ್ಲಿ ಒಂದು ದಿನ ಬಲಗಳ ಬಗ್ಗೆ ಮಾತಾಡಬೇಕಾಯಿತು. ಬೋರ್ಡಿನ ಮೇಲೆ ‘ಗುರುತ್ವ’ ಎಂದು ಬರೆದೆ. ಐದನೇ ತರಗತಿಯ ಹುಡುಗಿಯೊಬ್ಬಳು, “ಗುರುಗಳ ಪಾಠನಾ ಮಿಸ್?” ಅಂದಳು.

“ಗುರು ಅಂದ್ರೆ ಭಾರ ಅಂತಲೂ ಅರ್ಥ ಇದೆ” ಅಂದೆ. ಅದೇ ಹೊತ್ತಿಗೆ ಮೈಕೈ ತುಂಬಿಕೊಂಡಿದ್ದ ನಮ್ಮ ಹೆಡ್‌ಮಾಸ್ಟರು ಬಾಗಿಲ ಮುಂದೆ ಹಾದು ಹೋದರು. ಇಡೀ ತರಗತಿ ಕಿಸಕ್ಕೆಂದಿತು. ಪಾಪ, ಅವರು ತಿರುಗಿ ನೋಡಿ ಏನೂ ಅರ್ಥವಾಗದೆ ತಾವೂ ನಕ್ಕು ಹೋದರು.

ನಗು ನಿಂತ ಮೇಲೆ ಸೀಮೆಸುಣ್ಣ ಮೇಲಕ್ಕೆ ಎಸೆದು ಹಿಡಿದೆ. ಮಕ್ಕಳೂ ಪೆನ್ಸಿಲ್ಲು, ರಬ್ಬರು, ಕಲ್ಲು ಎಸೆದು ಹಿಡಿದರು. ಮೇಲೆ ಹೋಗಿದ್ದೆಲ್ಲ ಯಾಕೆ ವಾಪಸು ಬರುತ್ತದೆ, ಭೂಮಿ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ ಎಂದು ಹೇಳಿದೆ. ಅಲ್ಲಿಯವರೆಗೆ ಸಲೀಸಾಗಿ ಸಾಗಿತು. ಮುಂದಿನ ಪದ ‘ಘರ್ಷಣೆ’.

“ಇದ್ ಗೊತ್ತು ಮಿಸ್!” ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. “ಟಿವಿಲಿ ಬತ್ತದೆ. ಎಲ್ಡು ಗುಂಪಿನ್ ನಡುವೆ ಘರ್ಷಣೆ. ಕಲ್ ಒಡೀತಾರೆ. ಆಮೇಲ್ ಪೊಲೀಸ್ನೋರು ಬತ್ತಾರೆ.”

ಅವನು ಹೇಳಿದ್ದು ತಪ್ಪೇನಲ್ಲ. ಇಲ್ಲಿ ಜಗಳ ಮಾಡುವುದು ಎರಡು ಗುಂಪಲ್ಲ, ಒಂದಕ್ಕೊಂದು ತಾಗಿಕೊಂಡ ಎರಡು ವಸ್ತುಗಳು ಎಂದು ಹೇಳಿ, ಅಂಗೈಗಳನ್ನು ಜೋರಾಗಿ ಉಜ್ಜಿ ಕೆನ್ನೆಗೆ ಇಟ್ಟುಕೊಳ್ಳಲು ಹೇಳಿದೆ. ತರಗತಿಯ ತುಂಬ ಬಿಸಿ ಕೆನ್ನೆಗಳು. ಒಂದು ಕಡೆ ಹೋಗುತ್ತೇನೆ ಅಂದರೆ ಬಿಡದೆ ಹಿಡಿದುಕೊಳ್ಳುವುದು ಘರ್ಷಣೆ, ಅದಿಲ್ಲದಿದ್ದರೆ ನಾವು ನೆಲದ ಮೇಲೆ ಒಂದು ಹೆಜ್ಜೆಯನ್ನೂ ಇಡಲಾರೆವು ಎಂದೆ. ಆಗ ನಾಲ್ಕನೇ ತರಗತಿಯ ಒಬ್ಬಳು ಕಿಟಕಿಯ ಕಡೆ ಕೈ ತೋರಿಸಿದಳು. ತೆಳ್ಳಗಿನ ಹುಡುಗಿ, ಎರಡು ಜಡೆ, ಮಾತಾಡುವ ಮೊದಲು ಸ್ವಲ್ಪ ಹೊತ್ತು ಯೋಚಿಸುವವಳು. ಜಾರುಬಂಡೆ ಹತ್ತಿ ಮೇಲೆ ನಿಂತು, ಊರೆಲ್ಲ ನೋಡಿ, ಮತ್ತೆ ಮೆಟ್ಟಿಲಿನಿಂದಲೇ ಇಳಿದು ಬರುತ್ತಿದ್ದವಳು ಅವಳೊಬ್ಬಳೇ.

“ಅದ್ರಲ್ಲಿ ಘರ್ಷಣೆ ಜಾಸ್ತಿ ಆಗ್ಬುಟ್ಟದಾ ಮಿಸ್?” ಅಂದಳು.

ಪುಸ್ತಕ ಮುಚ್ಚಿ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದೆ.

ಅವತ್ತು ಮಧ್ಯಾಹ್ನದವರೆಗೂ ನಾವು ಜಾರುಬಂಡೆಯ ಮೇಲೆ ಸಿಕ್ಕಿದ್ದನ್ನೆಲ್ಲ ಇಟ್ಟು ನೋಡಿದೆವು. ಕಲ್ಲು ನಿಂತಿತು. ರಬ್ಬರು ನಿಂತಿತು. ಚೆಂಡು ಮಾತ್ರ ಉರುಳಿಕೊಂಡು ಓಡಿತು. ಯಾಕೆ ಅದೊಂದೇ ಓಡಿತು ಅನ್ನುವುದರ ಮೇಲೆ ದೊಡ್ಡ ಚರ್ಚೆಯಾಯಿತು. ನೀರು ಸುರಿದರೆ ನೀರು ಗೆರೆಗಳಲ್ಲಿ ನಿಂತುಕೊಂಡಿತು, ಚಡ್ಡಿ ಒದ್ದೆಯಾಗಿದ್ದಷ್ಟೇ ಲಾಭ. ಬಾಳೆದಿಂಡಿನ ಪಟ್ಟೆಯ ಮೇಲೆ ಕೂತವರು ಸ್ವಲ್ಪ ದೂರ ಬಂದರು, ಅಷ್ಟರಲ್ಲಿ ಪಟ್ಟೆ ಹರಿಯಿತು. ಗೊಬ್ಬರದ ಖಾಲಿ ಚೀಲ ಎಲ್ಲಕ್ಕಿಂತ ಚೆನ್ನಾಗಿ ಬಂತು, ಆದರೆ ಅದೂ ಅರ್ಧಕ್ಕೆ ನಿಂತಿತು. ದಪ್ಪ ಇರುವವರು ಕೂತರೆ ಬೇಗ ಬರುತ್ತದೆ ಅಂತ ಒಂದು ಪಕ್ಷ, ಸಣ್ಣಗಿರುವವರು ಅಂತ ಇನ್ನೊಂದು ಪಕ್ಷ. ಇಬ್ಬರನ್ನೂ ಕೂರಿಸಿ ನೋಡಿದರೆ ಇಬ್ಬರೂ ಒಂದೇ ಜಾಗದಲ್ಲಿ ನಿಂತರು. ಭೂಮಿ ಎಳೆಯುತ್ತಲೇ ಇದೆ, ಆದರೆ ಆ ಒರಟು ಬಿಡುತ್ತಿಲ್ಲ ಎಂದು ಅವರಿಗೆ ನಾನು ಹೇಳಬೇಕಾಗಲಿಲ್ಲ. ಅವರ ಚಡ್ಡಿಗಳ ಹಿಂಭಾಗವೇ ಹೇಳುತ್ತಿತ್ತು.

ನನಗೆ ನಮ್ಮ ಯಳಂದೂರಿನ ದಿನಗಳು ನೆನಪಾದವು. ಊರಾಚೆ ಒಂದು ಬೋಳು ಬಂಡೆ ಇತ್ತು. ಎಷ್ಟೋ ತಲೆಮಾರಿನ ಮಕ್ಕಳು ಜಾರಿ ಜಾರಿ ಅದರ ನಡುವೆ ಎಣ್ಣೆ ಸವರಿದಂಥ ಒಂದು ಪಟ್ಟೆ ಮೂಡಿತ್ತು. ತಂಗಡಿ ಸೊಪ್ಪಿನ ಕೊಂಬೆ ಮುರಿದು, ಅದರ ಮೇಲೆ ಕೂತು ನಾವು ಸೊಯ್ಯನೆ ಇಳಿಯುತ್ತಿದ್ದೆವು. ಲಂಗ ಹಿಂದೆ ಸವೆದು ಜರಡಿಯಾಗುತ್ತಿತ್ತು. ಅವ್ವ ಬೈದುಕೊಂಡೇ ತೇಪೆ ಹಾಕುತ್ತಿದ್ದಳು. ನಮಗೆ ಬೈಗುಳ ಬೀಳುತ್ತಿದ್ದದ್ದು ಜಾರಿದ್ದಕ್ಕೆ. ಈ ಮಕ್ಕಳಿಗೆ ಜಾರದೆಯೇ ಬೈಗುಳ. ಆ ವಾರವೇ ಒಬ್ಬ ತಾಯಿ, ಮಗನ ಚಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ಶಾಲೆಗೆ ಬಂದರು.

“ಏನ್ ಮಿಸ್ ಇದು? ನಿಮ್ ಜಾರ್‌ಬಂಡೆ ನಮ್ ಐಕ್ಳ ಬಟ್ಟೆ ತಿಂತಾ ಕೂತದೆ. ನುಣ್ಗಾರಾ ಮಾಡ್ಸಿ, ಇಲ್ವಾ ಒಡ್ದಾರಾ ಆಕ್ಸಿ.”

ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. “ನೀವೇ ಒಂದ್ಸಲ ಮೇಸ್ತ್ರಿ ಮನೆಗೆ ಹೋಗಿ ಬನ್ನಿ ಮೇಡಂ. ನಾನು ಹೇಳಿದ್ರೆ ಆಜ್ಞೆ ಥರ ಆಗುತ್ತೆ” ಅಂದರು.

ಸಾಯಂಕಾಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೇಸ್ತ್ರಿಯ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ನಾಲ್ಕು ಕಾಲಿನ ಊರುಗೋಲು. ಒಳಗೆ ಕಾಲಿಟ್ಟೆ, ಅಂಗಾಲಿಗೆ ಏನೋ ಚುರುಚುರು ಅಂದಿತು. ನೋಡಿದರೆ ಮನೆಯ ನೆಲದ ತುಂಬ ಅವೇ ಗೆರೆಗಳು. ನಡುಮನೆ, ಅಡುಗೆಮನೆ, ಬಚ್ಚಲಿಗೆ ಹೋಗುವ ದಾರಿ, ಹೊರಗಿನ ಮೆಟ್ಟಿಲು, ಎಲ್ಲ ಕಡೆಯೂ ಹೊಸದಾಗಿ ಗಾರೆ ಹಾಕಿ ಪೊರಕೆ ಎಳೆದಿದ್ದರು.

ಮೇಸ್ತ್ರಿ ಬಂದು ಎದುರಿಗೆ ನಿಂತರು. ವಿಷಯ ಹೇಗೆ ಎತ್ತುವುದೆಂದು ತಿಳಿಯದೆ, “ಮಕ್ಕಳು ಜಾರುಬಂಡೆ ಮೇಲೆ ದಿನಾ ಆಡ್ತಾರೆ” ಅಂದೆ.

“ಆಡ್ತಾವೆ, ನೋಡಿದೀನಿ. ಜಾರಲ್ಲ” ಅಂದರು ಅವರೇ.

“ಸ್ವಲ್ಪ ನುಣ್ಣಗೆ ಮಾಡಿದ್ರೆ...”

ಅವರು ತಲೆಯ ಟವೆಲು ತೆಗೆದು ಮತ್ತೆ ಸುತ್ತಿಕೊಂಡರು. “ಆಗಾಕಿಲ್ಲ ಟೀಚರಮ್ಮ. ನುಣ್ಗೆ ಮಾಡಾಕೆ ಕೈಯೇ ಬರಲ್ಲ ಈಗ. ಕರಣೆ ಎಳೀತೀನಿ, ನುಣ್ಗಾಯ್ತಾ ಬತ್ತದೆ, ಎದೆ ಒಡ್ಕಳಾಕೆ ಶುರುವಾಯ್ತದೆ. ಆಮೇಲೆ ಪೊರಕೆ ತಕಂಡು ಎಳ್ದುಬುಡ್ತೀನಿ.” ಇಷ್ಟು ಹೇಳಿ ಕರುವಿಗೆ ನೀರಿಡಬೇಕೆಂದು ಹಿತ್ತಿಲ ಕಡೆಗೆ ಹೋದರು.

ಉಳಿದಿದ್ದನ್ನು ಹೇಳಿದ್ದು ಅವರ ಹೆಂಡತಿ. ಮಗಳನ್ನು ಕೊಳ್ಳೇಗಾಲಕ್ಕೆ ಕೊಟ್ಟಿದ್ದರು. ಅಳಿಯ ರೇಷ್ಮೆಗೂಡಿನ ವ್ಯಾಪಾರದಲ್ಲಿದ್ದ. ಹೊಸ ಮನೆ ಕಟ್ಟಿದಾಗ ಮೇಸ್ತ್ರಿಯೇ ಹೋಗಿ ತಿಂಗಳುಗಟ್ಟಲೆ ಇದ್ದು ನೆಲ ಹಾಕಿದರು. ಮಗಳಿಗೆ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್ ಬೇಕಿತ್ತು, ಹಾಕಿಕೊಟ್ಟರು. ಗೃಹಪ್ರವೇಶಕ್ಕೆ ಬಂದವರೆಲ್ಲ ಮುಖ ಕಾಣುತ್ತದೆ ಎಂದು ಹೊಗಳಿದರು. ಮಾರನೆಯ ಬೆಳಗ್ಗೆ, ಯಾರೋ ಕಾಲು ತೊಳೆದು ಬಂದ ನೀರಿನ ಮೇಲೆ ಮೇಸ್ತ್ರಿಯ ಹೆಂಡತಿ ಕಾಲಿಟ್ಟರು. ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ವರ್ಷವೆಲ್ಲ ಮಲಗಿ, ಕೂತು, ಹಿಡಿದು ನಿಂತು, ಈಗ ಊರುಗೋಲಿನಲ್ಲಿ ಓಡಾಡುವಷ್ಟಾಗಿದ್ದರು.

“ನಾನ್ ಬಿದ್ದಿದ್ ನೀರ್ನಿಂದ ಕಣವ್ವ. ಈವಪ್ಪ ಮಾತ್ರ ತಾನೇ ತಳ್ದಂಗೆ ಆಡ್ತನೆ. ಅವತ್ನಿಂದ ಇಂಗೇಯ. ಯಾರ್ ಮನೆ ನೆಲ ಮಾಡೋಕೋದ್ರೂ ಗೀರಿ ಬತ್ತನೆ. ಅರ್ಧ ಜನ ಕರೆಯಾದೇ ಬುಟ್ಟವ್ರೆ.”

 ಅವರ ಜೊತೆ ಕೂತು ನಾನೂ ನಾಲ್ಕು ಅಲಸಂದೆಕಾಯಿ ಬಿಡಿಸಿದೆ. ಆಮೇಲೆ ಅವರೇ ಕೇಳಿದರು:

“ಭೂಮಿ ಎಲ್ಲಾರ್ನೂ ಎಳ್ಕತದೆ ಅಂತ ಪಾಠ ಮಾಡಿದ್ರಂತೆ? ಪಕ್ಕದ್ಮನೆ ಐಕ್ಳು ಏಳ್ತಿದ್ವು.”

“ಹೌದಮ್ಮ.”

“ವಯಸ್ಸಾದೋರ್ನ ಜಾಸ್ತಿ ಎಳ್ಕತದಾ?”

“ಇಲ್ಲಮ್ಮ, ಅವರವರ ತೂಕಕ್ಕೆ ತಕ್ಕಷ್ಟೇ. ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ.”

“ನಿಮ್ ಪುಸ್ತಕ್ದಲ್ಲಿ ಅಂಗಿರ್ಬೋದು” ಎಂದು ನಕ್ಕರು. “ನನ್ ಕಾಲ್ನ ಕೇಳಿದ್ರೆ ಬ್ಯಾರೆ ಏಳ್ತದೆ.”

ಹಿತ್ತಿಲಿನಿಂದ ಮೇಸ್ತ್ರಿ ಬಂದಾಗ ಅವರು ದನಿ ಏರಿಸಿ ಅಂದರು: “ನೋಡು, ನಾನ್ ಜಾರಿದ್ದು ನಿಂತ್ಕಂಡು. ಆ ಐಕ್ಳು ಜಾರೋದು ಕೂತ್ಕಂಡು. ಕೂತೋರು ಇನ್ನೆಲ್ಲೀಗ್ ಬಿದ್ದಾರು? ಓಗು, ಮಾಡ್ಕೊಡೋಗು. ಅವು ಬಟ್ಟೆ ಅರ್ಕಂಡು ಬಡ್ಸ್‌ಕತಾ ಅವೆ.”

ಮೇಸ್ತ್ರಿ ಬಿಡಿಸಿದ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಬಸ್ಸು ತಪ್ಪಿಹೋಗುತ್ತದೆ ಎಂದು ಹೊರಟೆ. ಬಸ್ಸಿನಲ್ಲಿ ಕಿಟಕಿಗೆ ಒರಗಿಕೊಂಡು, ನಾನು ಅವರನ್ನು ಕೇಳಲೇಬಾರದಿತ್ತೇನೋ ಅಂದುಕೊಳ್ಳುತ್ತಲೇ ಹನೂರು ತಲುಪಿದೆ.

ದಸರಾ ರಜೆಗೆ ಎರಡು ದಿನ ಮುಂಚೆ ಮೇಸ್ತ್ರಿ ಶಾಲೆಗೆ ಬಂದರು. ಸೈಕಲ್ಲಿನ ಹಿಂದೆ ಸಿಮೆಂಟು, ಕೆಂಪು ಬಣ್ಣದ ಪುಡಿ, ಗಾರೆ ನುಣುಪು ಮಾಡುವ ಕರಣೆ.  ಇಳಿಜಾರಿನ ಮೇಲ್ಪದರವನ್ನು ಉಳಿಯಿಂದ ಕೊಂಚ ಕೊಂಚ ಕೆತ್ತಿ, ನೀರು ಚಿಮುಕಿಸಿ, ನುಣುಪಾದ ಗಾರೆ ಹಾಕತೊಡಗಿದರು. ಹಳೆಯ ಮನೆಗಳಲ್ಲಿ ಇರುತ್ತದಲ್ಲ, ಕೆಂಪಗೆ ಹೊಳೆಯುವ ನೆಲ, ಅಂಥದ್ದು. ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಕರಣೆಯನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಎಳೆಯುವರು, ನಿಲ್ಲಿಸುವರು, ಬೇವಿನ ಮರದ ಕೆಳಗೆ ಹೋಗಿ ಕೂರುವರು, ಮತ್ತೆ ಎದ್ದು ಬರುವರು. ಒಮ್ಮೆ ಪೊರಕೆಯನ್ನು ಕೈಗೆ ತೆಗೆದುಕೊಂಡರು. ಹೆಡ್‌ಮಾಸ್ಟರು ಅಲ್ಲಿಗೆ ಹೋಗಿ ಪೊರಕೆಯನ್ನು ಇಸಿದುಕೊಂಡು, ಇಡೀ ಅಂಗಳ ಗುಡಿಸಿ, ಅದನ್ನು ಆಫೀಸು ಕೋಣೆಯೊಳಗೆ ಇಟ್ಟರು.

ರಜೆಯ ದಿನಗಳಲ್ಲಿ ಮೇಸ್ತ್ರಿ ಅದರ ಮೇಲೆ ಗೋಣಿಚೀಲ ಹೊದಿಸಿ ಬೆಳಗ್ಗೆ ಸಂಜೆ ನೀರು ಹಾಕಿದ್ದರು. ಶಾಲೆ ತೆರೆದ ದಿನ ಗೋಣಿ ತೆಗೆದರೆ ಕೆಂಪು ಜಾರುಬಂಡೆ ಹೊಳೆಯುತ್ತಿತ್ತು. ಮಕ್ಕಳು ಮನೆಯಿಂದ ಮೇಣದ ಬತ್ತಿ ತಂದು ಉಜ್ಜಿದರು, ಬಿಸಿಯೂಟದ ಅಕ್ಕ ಒಂದು ಹಿಡಿ ತೆಂಗಿನ ನಾರಿಗೆ ಎಣ್ಣೆ ಹಚ್ಚಿ ತಿಕ್ಕಿಕೊಟ್ಟಳು. ಎಲ್ಲರೂ ಸಾಲು ನಿಂತರು. ಮೇಸ್ತ್ರಿ ಕೈ ಅಡ್ಡ ಹಿಡಿದರು.

“ಮೊದ್ಲು ಮಕ್ಳು ಬ್ಯಾಡ. ಮೂಟೆ ಬುಡಾವ.”

ಒಂದು ಸಿಮೆಂಟು ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿದರು. ತೂಕ ಸರಿಸುಮಾರು ಒಂದು ಮಗುವಿನಷ್ಟು. ಮೇಲಿಟ್ಟು ಕೈ ಬಿಟ್ಟಿದ್ದೇ ತಡ, ಅದು ಕಣ್ಣು ಮಿಟುಕಿಸುವುದರೊಳಗೆ ಕೆಳಗಿಳಿದು, ತುದಿಯಿಂದ ಹಾರಿ, ಆಚೆ ಗಟ್ಟಿ ನೆಲದ ಮೇಲೆ ದೊಪ್ಪೆಂದು ಬಿದ್ದು ಒಡೆಯಿತು. ಮರಳು ಚೆಲ್ಲಾಪಿಲ್ಲಿಯಾಯಿತು. ಮಕ್ಕಳು ‘ಹೋ’ ಎಂದು ಕುಣಿದರು. ಮೇಸ್ತ್ರಿಯ ಮುಖದಲ್ಲಿ ರಕ್ತವಿರಲಿಲ್ಲ.

“ಪೊರಕೆ ಎಲ್ಲಿ ಸಾ?” ಎಂದು ಹೆಡ್‌ಮಾಸ್ಟರನ್ನು ಕೇಳಿದರು. ಆಮೇಲೆ ಗಟ್ಟಿಯಾದ ಗಾರೆಯ ಮೇಲೆ ಪೊರಕೆ ನಡೆಯುವುದಿಲ್ಲ ಎಂದು ಅವರಿಗೇ ಹೊಳೆದು, “ಉಳೀಲಿ ಗೀರಾಕ್ತೀನಿ. ಬ್ಯಾಡ ಇದು. ನಾನ್ ಏಳಿರ್ನಿಲ್ವಾ, ಬ್ಯಾಡ ಅಂತ” ಅಂದರು. 

“ಮೇಸ್ತ್ರಿ, ಒಂದ್ ನಿಮಿಷ ಕೂತ್ಕೊಳ್ಳಿ” ಎಂದು ಅವರನ್ನು ಮರದ ಕೆಳಗೆ ಕೂರಿಸಿದೆ. ನೀರು ತರಿಸಿ ಕೊಟ್ಟೆ. ಮಕ್ಕಳೆಲ್ಲ ಸುತ್ತ ನಿಂತುಬಿಟ್ಟರು. ಇಷ್ಟು ದಿನದ ಕೆಲಸವನ್ನು ಒಡೆಯುತ್ತಾರೆಂದು ಕೆಲವರ ಕಣ್ಣಲ್ಲಿ ಆಗಲೇ ನೀರು. ನನಗೂ ಏನು ಮಾಡುವುದೆಂದು ಗೊತ್ತಿರಲಿಲ್ಲ. ಒರಟಾದರೆ ಕೂತಲ್ಲೇ ಕೂರುತ್ತಾರೆ, ನುಣುಪಾದರೆ ಹಾರಿ ಬೀಳುತ್ತಾರೆ. “ಏನು ಮಾಡೋಣ ಹೇಳಿ” ಎಂದು ಮಕ್ಕಳನ್ನೇ ಕೇಳಿದೆ.

ಒಬ್ಬೊಬ್ಬರು ಒಂದೊಂದು ಹೇಳಿದರು. ಕೆಳಗೆ ಇಬ್ಬರು ನಿಂತು ಹಿಡಿಯಲಿ. ಹಾಸಿಗೆ ಹಾಕಲಿ. ಹಗ್ಗ ಕಟ್ಟಿಕೊಂಡು ಜಾರಲಿ. ಎರಡು ಜಡೆಯ ಹುಡುಗಿ ಜಾರುಬಂಡೆಯ ಪಕ್ಕ ನಿಂತು, ಕಟ್ಟೆಯ ಮೇಲೆ ಕೈಯಾಡಿಸುತ್ತ ಮೇಲಿನಿಂದ ಕೆಳಗಿನವರೆಗೆ ನಡೆದಳು. ಮತ್ತೆ ಹಿಂದಕ್ಕೆ ಬಂದಳು. ಆಮೇಲೆ ಮೇಸ್ತ್ರಿಯ ಎದುರು ಬಂದು ನಿಂತಳು.

“ತಾತ, ಎಲ್ಲಾ ಗೀರ್ಬ್ಯಾಡಿ. ಮ್ಯಾಗಡೆ ನುಣ್ಗೇ ಇರ್ಲಿ. ಕೆಳ್ಗಡೆ ಮಾತ್ರ ಒರ್ಟು ಮಾಡಿ. ಮ್ಯಾಲಿಂದ ಜಾರ್ಕಂಡ್ ಬಂದು, ಅಲ್ಲಿ ಬಂದ್ಮೇಲೆ ಅದೇ ಇಡ್ಕತದೆ.”

ಮೇಸ್ತ್ರಿ ಅವಳನ್ನೇ ನೋಡಿದರು. “ತುದಿ ಎತ್ರ ಅದೆಯಲ್ಲವ್ವ. ಅಲ್ಲಿಂದ ಬೀಳಲ್ವಾ?”

“ತುದೀನ ಉದ್ದ ಮಾಡಿ. ನೆಲ್ದವರ್ಗೂ ತಕಬನ್ನಿ, ಅಟ್ಟಿ ಅಂಗ್ಳದ ಥರ ಸಮ್ವಾಗಿ.”

ಅಷ್ಟು ಹೇಳಿ ಹುಡುಗಿಗೆ ನಾಚಿಕೆಯಾಗಿ ನನ್ನ ಹಿಂದೆ ಬಂದು ನಿಂತಳು. ಹೆಡ್‌ಮಾಸ್ಟರು ತಲೆದೂಗಿದರು. ಮೇಸ್ತ್ರಿ ಎದ್ದು ಹೋಗಿ ಜಾರುಬಂಡೆಯ ತುದಿಯನ್ನು ಕೈಯಿಂದ ಅಳೆದರು, ನೆಲಕ್ಕೆ ಬಗ್ಗಿ ನೋಡಿದರು. ಏನೋ ಲೆಕ್ಕ ಹಾಕಿಕೊಂಡು, ನಾಳೆ ಬರುತ್ತೇನೆ ಎಂದು ಸೈಕಲ್ಲು ಹತ್ತಿದರು.

ಅವರು ಹೇಳಿದ ಹಾಗೇ ಬಂದು, ತುದಿಯನ್ನು ಮುಂದಕ್ಕೆ ಬೆಳೆಸಿ, ಮೆಲ್ಲಗೆ ಬಾಗಿಸಿ ನೆಲಕ್ಕೆ ಸಮವಾಗಿ ಕೂಡಿಸಿದರು. ಆ ಸಮತಟ್ಟಾದ ಭಾಗಕ್ಕೆ ಮಾತ್ರ ಪೊರಕೆ ಎಳೆದರು. ಈ ಸಲ ಪೊರಕೆಯನ್ನು ಹೆಡ್‌ಮಾಸ್ಟರೇ ತಂದುಕೊಟ್ಟರು. ಅದರಾಚೆ ಮಕ್ಕಳು ಗುಂಡಿ ತೋಡಿ ಹಳ್ಳದ ಮರಳು ಹೊತ್ತು ತಂದು ತುಂಬಿದರು. ಗಾರೆ ಗಟ್ಟಿಯಾಗುವವರೆಗೆ ಮತ್ತೆ ಗೋಣಿ, ಮತ್ತೆ ನೀರು. ಅಷ್ಟು ದಿನವೂ ಮಕ್ಕಳು ತಾಳ್ಮೆಯಿಂದ ಕಾದದ್ದು ನನಗೆ ಆಶ್ಚರ್ಯ.

ಜಾರುಬಂಡೆಯನ್ನು ಮತ್ತೆ ತೆರೆದ ದಿನ ಮೇಸ್ತ್ರಿಯ ಹೆಂಡತಿಯೂ ಬಂದಿದ್ದರು. ಪಕ್ಕದ ಮನೆಯವರ ಆಟೋದಲ್ಲಿ ಶಾಲೆಯ ಗೇಟಿನವರೆಗೆ ಬಂದು, ಅಲ್ಲಿಂದ ಊರುಗೋಲಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಬೇವಿನ ಮರದವರೆಗೆ ನಡೆದರು. ನಾನು ತೋಳು ಹಿಡಿಯಲು ಹೋದರೆ, “ಬುಡವ್ವ, ಮಣ್ಣಿನ್ ನೆಲ, ಇದೇನ್ ಮಾಡಲ್ಲ” ಅಂದರು. ಅವರಿಗೊಂದು ಕುರ್ಚಿ ಹಾಕಿದೆವು.

ಮೊದಲು ಮರಳಿನ ಮೂಟೆ. ಅದು ಜೋರಾಗಿ ಇಳಿದು ಬಂದು, ಬಾಗಿದ ಕಡೆ ನಿಧಾನವಾಗಿ, ಗೆರೆಗಳ ಮೇಲೆ ಚರ್ರೆಂದು ಎಳೆದುಕೊಂಡು ನಿಂತಿತು. ಮರಳಿನ ಗುಂಡಿಯನ್ನು ಮುಟ್ಟಲೂ ಇಲ್ಲ. ಮೇಸ್ತ್ರಿ ಇನ್ನೊಮ್ಮೆ ಬಿಡಿಸಿದರು. ಮತ್ತೊಮ್ಮೆ ಬಿಡಿಸಿದರು. “ಸಾಕು ಬುಡು, ಮೂಟೇಗೂ ಸುಸ್ತಾಯ್ತದೆ” ಎಂದು ಕುರ್ಚಿಯಿಂದ ಮಾತು ಬಂತು. ಆಮೇಲೆ ಮೊದಲ ಮಗುವನ್ನು ಬಿಟ್ಟರು.

ಆ ಕೂಗನ್ನು ಹೇಗೆ ಬರೆಯಲಿ? ಜೋಳದ ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ನಮ್ಮ ಕಡೆ ನೋಡಿದರು. ಇಳಿದ ಮಗು ಮರಳಿನ ಅಂಚಿನಿಂದ ಎದ್ದು ಮೆಟ್ಟಿಲ ಕಡೆಗೆ ಓಡಿತು.

ಮೇಸ್ತ್ರಿ ಕೆಳಗೆ ಮಂಡಿಯೂರಿ ಕೂತಿದ್ದರು. ಬಂದ ಪ್ರತಿ ಮಗುವನ್ನೂ ಎರಡೂ ಕೈಯಿಂದ ಹಿಡಿದು ನಿಲ್ಲಿಸುತ್ತಿದ್ದರು. ಹಿಡಿಯುವ ಅಗತ್ಯವಿರಲಿಲ್ಲ, ಗೆರೆಗಳೇ ಹಿಡಿಯುತ್ತಿದ್ದವು. ಆದರೂ ಬಿಡಲಿಲ್ಲ. ಊಟದ ಹೊತ್ತಾದರೂ ಏಳಲಿಲ್ಲ. ಕೊನೆಗೆ ಮೂರನೇ ತರಗತಿಯ ಪೋರಿಯೊಬ್ಬಳು ಮೇಲಿನಿಂದ, “ತಾತೋ, ಪಕ್ಕಕ್ಕೋಗಿ! ನೀವ್ ಅಡ್ಡ ಕುಂತ್ರೆ ಡಿಕ್ಕಿ ಒಡೀತೀನಿ!” ಎಂದು ಕೂಗಿದಳು. ಮೇಸ್ತ್ರಿ ಒಂದು ಮಾರು ಪಕ್ಕಕ್ಕೆ ಸರಿದರು. ಅವಳು ಬಂದು, ನಿಂತು, ಎದ್ದು ಹೋದಳು. ಅವರು ಇನ್ನೂ ಸ್ವಲ್ಪ ಸರಿದರು. ಮಧ್ಯಾಹ್ನದ ಮೇಲೆ ನಾನು ನೋಡಿದಾಗ ಹೆಂಡತಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಬಿಸಿಯೂಟದ ಅಕ್ಕ ಕೊಟ್ಟ ತಟ್ಟೆಯಲ್ಲಿ ಅನ್ನ ಸಾರು ಉಣ್ಣುತ್ತಿದ್ದರು. ಹೆಂಡತಿ ಏನೋ ಹೇಳುತ್ತಿದ್ದರು, ಅವರು ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮ ಜಾರುಬಂಡೆಯ ಸುದ್ದಿ ಹರಡಿತು. ಚಳಿಗಾಲ ಮುಗಿಯುವ ಹೊತ್ತಿಗೆ ಲೊಕ್ಕನಹಳ್ಳಿ ಕಡೆಯ ಒಂದು ಶಾಲೆಯವರು ತಮಗೂ ಅಂಥದ್ದೇ ಬೇಕೆಂದು ಮೇಸ್ತ್ರಿಯನ್ನು ಹುಡುಕಿಕೊಂಡು ಬಂದರು. ಅವರು ಒಪ್ಪಿಕೊಂಡರು. ಕಟ್ಟಡ ಎದ್ದು ಗಾರೆ ಹಾಕುವ ಹೊತ್ತಿಗೆ ನಮ್ಮ ಶಾಲೆಗೆ ಬಂದು ಹೆಡ್‌ಮಾಸ್ಟರ ಮುಂದೆ ನಿಂತರು.

“ಸಾ, ಆ ಎಲ್ಡು ಜಡೆ ಮಗೀನ ಒಂದಿನ ಕಳ್ಸಿಕೊಡಿ. ಎಲ್ಲೀಗಂಟ ನುಣ್ಗೆ, ಎಲ್ಲಿಂದ ಒರ್ಟು, ಅದ್ ನೋಡ್ಬೇಕು.”

“ನಿಮಗೇ ಗೊತ್ತಲ್ಲ ಮೇಸ್ತ್ರಿ, ಇಲ್ಲಿ ಮಾಡಿದ್ದೀರಿ.”

“ಇಲ್ಲಿಂದ್ ಬ್ಯಾರೆ ಸಾ. ಅಲ್ಲಿಂದ್ ಇನ್ನೂ ಎತ್ರ ಅದೆ. ನಂಗೆ ಬುಟ್ರೆ ಮ್ಯಾಲಿಂದ್ಲೇ ಗೀರ್ಕ ಬತ್ತೀನಿ” ಅಂದರು, ಸಂಕೋಚದಿಂದ.

ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ, ಹುಡುಗಿಯ ತಾಯಿ, ಹುಡುಗಿ, ನಾನು ಮೂವರೂ ಹನೂರಿಗೆ ಬಂದು ಲೊಕ್ಕನಹಳ್ಳಿಯ ಬಸ್ಸು ಹತ್ತಿದೆವು. ಹುಡುಗಿ ಹಬ್ಬದ ಲಂಗ ಉಟ್ಟಿದ್ದಳು. ಜೇಬಿಲ್ಲದ್ದರಿಂದ, ಗುರುತು ಹಾಕಲು ತಂದ ಸೀಮೆಸುಣ್ಣವನ್ನು ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಹಿಡಿದಿದ್ದಳು. ಅಲ್ಲಿನ ಮಕ್ಕಳು ಗೇಟಿನ ಹತ್ತಿರವೇ ಕಾಯುತ್ತಿದ್ದರು. ಮೇಸ್ತ್ರಿ ಮರಳಿನ ಮೂಟೆ ಸಿದ್ಧವಾಗಿಟ್ಟಿದ್ದರು. ಇಳಿಜಾರಿನ ಮೇಲೆ ಒಂದು ನುಣುಪಾದ ತಗಡು ಹಾಸಿ, ಮೂಟೆ ಬಿಟ್ಟು, ಅದು ಎಲ್ಲಿ ಎಷ್ಟು ಜೋರಾಗಿ ಬರುತ್ತದೆಂದು ಅವಳು ನೋಡಿದಳು. ಇನ್ನೊಮ್ಮೆ ಬಿಡಿ ಅಂದಳು, ಅವರು ಬಿಟ್ಟರು. ಆಮೇಲೆ ಕಟ್ಟೆಯ ಒಳಗೋಡೆಯ ಮೇಲೆ, ಬಾಗು ಶುರುವಾಗುವುದಕ್ಕಿಂತ ಸ್ವಲ್ಪ ಮೇಲೆ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಕೊಂಚ ಯೋಚಿಸಿ ಅದನ್ನು ಅಂಗೈಯಿಂದ ಅಳಿಸಿ, ಇನ್ನೂ ಒಂದು ಗೇಣು ಮೇಲಕ್ಕೆ ಎಳೆದಳು. ಮೇಸ್ತ್ರಿ ತಲೆಯಾಡಿಸಿ ಗಾರೆ ಕಲಸಲು ಹೋದರು.

ಕೆಲಸ ಮುಗಿದು, ಗಾರೆ ಗಟ್ಟಿಯಾಗಿ, ಜಾರುಬಂಡೆ ತೆರೆಯುವ ದಿನವೂ ಅವಳನ್ನು ಕರೆಸಿದ್ದರು. ಆ ಶಾಲೆಯ ಮಕ್ಕಳು ಅವಳನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋಗಿ, “ನೀನೇ ಮೊದ್ಲು, ನೀನೇ ಮೊದ್ಲು” ಎಂದು ಒತ್ತಾಯ ಮಾಡಿದರು. ಅವಳು ಹತ್ತಿದಳು. ಮೇಲೆ ನಿಂತು, ಕಾಡಿನ ಕಡೆ, ಹೊಲದ ಕಡೆ ಎಲ್ಲ ನೋಡಿದಳು. ಎಲ್ಲರೂ ಕಾಯುತ್ತಿದ್ದರು. ಅವಳು ತಿರುಗಿ ಮೆಟ್ಟಿಲಿನಿಂದಲೇ ಇಳಿದು ಬಂದಳು.

“ಯಾಕೆ?” ಎಂದು ಅಲ್ಲಿನ ಹುಡುಗಿಯೊಬ್ಬಳು ಕೇಳಿದಳು.

“ನಂಗೆ ಭಯ” ಅಂದಳು ಇವಳು, ಬಹಳ ಸಮಾಧಾನದಿಂದ. “ನೀವ್ ಓಗಿ. ಏನೂ ಆಗಲ್ಲ. ನಾನ್ ನೋಡಿದೀನಿ.”

ಅವಳನ್ನು ದಾಟಿಕೊಂಡು ಮಕ್ಕಳ ಸಾಲು ಮೆಟ್ಟಿಲು ಹತ್ತತೊಡಗಿತು.